60 ದಿನಗಳ ಗಡುವಿನೊಳಗೆ

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಚಳಿಗಾಲದ ರಾತ್ರಿ ಒಂಬತ್ತೂವರೆ. ಊಟದ ತಟ್ಟೆಗಳು ಸಿಂಕ್ ಸೇರಿವೆ. ಮೇಜಿನ ತುಂಬ ಈಗ ಪಾಸ್‌ಪೋರ್ಟ್‌ಗಳು, ಪೇ ಸ್ಲಿಪ್‌ಗಳು, ವಲಸೆ ಇಲಾಖೆಯ ಒಪ್ಪಿಗೆ ತಿಳಿಸುವ ಐ-797 ಪತ್ರಗಳು, ಮಡಿಕೆಯಲ್ಲಿ ಸವೆದ ಮದುವೆ ನೋಂದಣಿ ಪತ್ರ. ನೀವು ವಲಸೆ ಸ್ಟೇಟಸ್ ಬದಲಾವಣೆ ಕೋರುವ ಐ-539 ಅರ್ಜಿಯ ಮೊದಲ ಪುಟದ ಮುಂದೆ ಕೂತಿದ್ದೀರಿ. ಎದುರಿಗೆ ನಿಮ್ಮ ಗಂಡ, ತನ್ನ ಕಂಪನಿ ಕೊಟ್ಟ ಉದ್ಯೋಗ ದೃಢೀಕರಣ ಪತ್ರವನ್ನು ಮತ್ತೊಮ್ಮೆ ಓದುತ್ತಿದ್ದಾನೆ.

ನಿಮ್ಮ ಕೆಲಸ ಹೋಗಿ ತಿಂಗಳು ದಾಟಿದೆ. ಆ ಬೆಳಿಗ್ಗೆ ಒಂದು ಚಿಕ್ಕ ವಿಡಿಯೊ ಕಾಲ್, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಎಚ್‌-1ಬಿ ಉದ್ಯೋಗ ವೀಸಾ ಮೇಲಿರುವವರಿಗೆ ಕೆಲಸ ಹೋದ ಮರುದಿನದಿಂದಲೇ ಎಣಿಕೆ ಶುರು. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮ ಕೊಡುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ದೇಶದಲ್ಲಿರಲು ಕೊಟ್ಟ ಅವಧಿ ತೋರಿಸುವ ಐ-94 ಅದಕ್ಕೂ ಮುಂಚೆ ಮುಗಿಯುವುದಿದ್ದರೆ ಅಲ್ಲಿಯವರೆಗೆ ಮಾತ್ರ. ಕಂಪನಿ ಪರಿಹಾರವೆಂದು ಎಷ್ಟು ತಿಂಗಳ ಸಂಬಳ ಕೊಟ್ಟರೂ ಗಡುವು ಮುಂದೆ ಹೋಗುವುದಿಲ್ಲ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ನೀವು ಬೇರೆ ಸ್ಟೇಟಸ್‌ಗೆ ಅರ್ಜಿ ಹಾಕಬೇಕು, ಎರಡೂ ಆಗದಿದ್ದರೆ ದೇಶ ಬಿಡಬೇಕು.

“ಗುರುವಾರ ಇನ್ನೊಂದು ಇಂಟರ್‌ವ್ಯೂ ಇದೆ ಕಣೋ. ಅದು ಮುಗೀಲಿ, ಆಮೇಲೆ ಕಳಿಸೋಣ.”

“ಇಂಟರ್‌ವ್ಯೂ ಕೊಡು, ಯಾರು ಬೇಡ ಅಂದ್ರು? ಅವರು ಹೂಂ ಅಂದ್ರೂ ಲೇಬರ್ ಡಿಪಾರ್ಟ್‌ಮೆಂಟಿನ ಎಲ್‌ಸಿಎಗೇ ಏಳು ವರ್ಕಿಂಗ್ ಡೇ ಬೇಕು. ಇದು ಮೊದಲು ಹೋಗಲಿ.”

ಅವನ ಮಾತು ಸರಿ ಎಂದು ನಿಮಗೆ ಗೊತ್ತು. ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬ್ಯಾಚ್. ಅಮೆರಿಕಕ್ಕೆ ಮೊದಲು ಬಂದವರು ನೀವು, ಎಚ್‌-1ಬಿ ಲಾಟರಿಯಲ್ಲಿ ಹೆಸರು ಮೊದಲು ಬಂದದ್ದೂ ನಿಮ್ಮದೇ. ‘ಈಗಿನ ಸ್ಟೇಟಸ್’ ಎಂಬಲ್ಲಿ ಎಚ್‌-1ಬಿ ಎಂದು ತುಂಬುತ್ತೀರಿ. ‘ಕೋರುವ ಸ್ಟೇಟಸ್’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಗಂಡ ಏನೂ ಹೇಳುವುದಿಲ್ಲ, ಎದ್ದು ಹೋಗಿ ಕಾಫಿಗೆ ಹಾಲಿಡುತ್ತಾನೆ. ನೀವು ಎಚ್‌-4 ಎಂದು ಬರೆಯುತ್ತೀರಿ, ಎಚ್‌-1ಬಿಯವರ ಸಂಗಾತಿಗೆ ಸಿಗುವ ಸ್ಟೇಟಸ್.

ಶನಿವಾರ ಬೆಳಿಗ್ಗೆ ಕನ್ನಡ ಕೂಟದಲ್ಲಿ ಪರಿಚಯವಾದ ಆಂಟಿ ಮದುವೆ ನೋಂದಣಿ ಪತ್ರ ಅನುವಾದಿಸಲು ಬರುತ್ತಾರೆ. ಕನ್ನಡದಲ್ಲಿರುವ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಎಂದು ಅನುವಾದಿಸಿದವರು ಸಹಿ ಹಾಕಬೇಕು. ಉಪನೋಂದಣಾಧಿಕಾರಿಯ ಮೊಹರನ್ನೂ ಬಿಡದೆ ಅವರು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದಾರೆ. ಥಟ್ಟನೆ ಕನ್ನಡಕ ಮೇಲೇರಿಸುತ್ತಾರೆ.

“ನಿನ್ನ ಹೆಸರು ಪಾಸ್‌ಪೋರ್ಟಲ್ಲಿ ಹೀಗಿಲ್ವಲ್ಲಮ್ಮ?”

ಇಲ್ಲ. ನೋಂದಣಿ ಪತ್ರದಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಹೆಸರಿನ ಮುಂದಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಆಗಿ ಕೊನೆಗೆ ಕೂತಿದೆ. ಊರಲ್ಲಿ ಯಾರೂ ಕೇಳದ ಈ ವ್ಯತ್ಯಾಸ ವಲಸೆ ಅಧಿಕಾರಿಯ ಮೇಜಿನ ಮೇಲೆ ಪ್ರಶ್ನೆಯಾಗಬಹುದು. ಎರಡೂ ಹೆಸರು ಒಬ್ಬಳದೇ ಎಂದು ವಿವರಿಸುವ ಪತ್ರವೊಂದನ್ನು ಬರೆದು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿರುವ ಪುಟದ ಪ್ರತಿಯನ್ನೂ ಲಗತ್ತಿಸುತ್ತೀರಿ. ಅದರ ಹಿಂದೆ ಗಂಡನ ಐ-797, ಐ-94, ಪೇ ಸ್ಲಿಪ್. ಅದರ ಹಿಂದೆ ನಿಮ್ಮ ಕೊನೆಯ ಪೇ ಸ್ಲಿಪ್‌ಗಳು. ಕೆಲಸ ಹೋಗುವವರೆಗೂ ನೀವು ನಿಯಮ ಮೀರಿಲ್ಲ ಎಂಬುದಕ್ಕೆ ಅವೇ ಸಾಕ್ಷಿ. ಶುಲ್ಕ 470 ಡಾಲರ್.

ಕಂತೆಗೆ ಕ್ಲಿಪ್ ಹಾಕುವಾಗ ಫೋನ್ ಬಡಿದುಕೊಳ್ಳುತ್ತದೆ. ಅಮ್ಮ. ಹಾಸನದಲ್ಲಿ ಮಲಗುವ ಹೊತ್ತು ಮೀರಿದೆ.

“ಯಾಕೋ ನಿದ್ದೆ ಬರ್ಲಿಲ್ಲ ಪುಟ್ಟಿ. ತಂಗಿ ಸೀಮಂತಕ್ಕೆ ಟಿಕೆಟ್ ಮಾಡ್ಸಿದ್ರಾ?”

ಕೆಲಸ ಹೋದದ್ದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಹೇಳುತ್ತೀರಿ. ಬರಲು ಆಗುವುದಿಲ್ಲ ಎಂದೂ ಹೇಳುತ್ತೀರಿ. ಅರ್ಜಿ ಇತ್ಯರ್ಥವಾಗುವ ಮೊದಲೇ ದೇಶ ಬಿಟ್ಟರೆ ಅದನ್ನು ಕೈಬಿಟ್ಟಂತೆ. ಆಮೇಲೆ ಒಳಗೆ ಬರಬೇಕಾದರೆ ಪಾಸ್‌ಪೋರ್ಟಿಗೆ ಎಚ್‌-4 ವೀಸಾ ಬೀಳಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ನಮ್ಮವರು ಚೆನ್ನೈ, ಹೈದರಾಬಾದಿಗೇ ಹೋಗುತ್ತಾ ಬಂದಿದ್ದಾರೆ.

“ಅಂದ್ರೆ, ಇನ್ಮೇಲೆ ಅವನ ವೀಸಾ ಮೇಲೆ ಇರ್ತೀಯಾ?” ಅಮ್ಮನ ದನಿ ಇಳಿಯುತ್ತದೆ. “ಇಷ್ಟು ಓದಿ...”

ಗಂಡ ಫೋನ್ ತೆಗೆದುಕೊಳ್ಳುತ್ತಾನೆ. “ಅತ್ತೆ, ಕೇಳಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅವಳ ವೀಸಾ ಮೇಲೇ ಇದ್ದೆ, ನೆನಪಿದ್ಯಾ? ಎರಡು ವರ್ಷ ಮನೆ ಬಾಡಿಗೆ ಅವಳೇ ಕಟ್ಟಿದ್ದು.” ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಕೇಳುತ್ತಾರೆ: “ಊಟ ಆಯ್ತಾ ಇಬ್ರುದೂ?”

ಸೋಮವಾರ ಅಂಚೆ ಕಚೇರಿ. ಟ್ರ್ಯಾಕಿಂಗ್ ಇರುವ ಲಕೋಟೆ, ರಸೀದಿ. ಗಡುವಿನೊಳಗೆ ಕಳಿಸಿದರಷ್ಟೇ ಸಾಲದು, ಗಡುವಿನೊಳಗೆ ಅದು ವಲಸೆ ಇಲಾಖೆಯ ಕೈ ಸೇರಬೇಕು. ಕೆಲವು ದಿನಗಳಲ್ಲಿ ಸ್ವೀಕೃತಿ ಪತ್ರ ಬರುತ್ತದೆ. ಇನ್ನು 60 ದಿನ ಮುಗಿದರೂ, ತೀರ್ಮಾನ ಬರುವವರೆಗೆ ನೀವು ಇಲ್ಲಿ ಉಳಿಯಬಹುದು. ದುಡಿಯುವಂತಿಲ್ಲ, ಅಷ್ಟೇ. ನಿಮ್ಮ ಆರೋಗ್ಯ ವಿಮೆ ಆಗಲೇ ಗಂಡನ ಕಂಪನಿಗೆ ಬದಲಾಗಿದೆ. ವಿಮೆ ಹೋದ 30 ದಿನದೊಳಗೆ ಕೇಳಿಕೊಂಡರೆ ಸೇರಿಸಿಕೊಳ್ಳಲೇಬೇಕೆಂಬ ನಿಯಮ ನೆರವಿಗೆ ಬಂತು.

ಗುರುವಾರದ ಇಂಟರ್‌ವ್ಯೂ ಚೆನ್ನಾಗಿಯೇ ಆಗುತ್ತದೆ, ಆದರೆ ಆ ಕಡೆಯಿಂದ ಉತ್ತರವಿಲ್ಲ. ವಾರಗಳು ಉರುಳುತ್ತವೆ. ಬೆಳಿಗ್ಗೆ ಎಂಟಕ್ಕೆ ಗಂಡ ಕಾರು ತೆಗೆದಾಗ ನೀವು ಕಿಟಕಿಯ ಬಳಿ ಇರುತ್ತೀರಿ. ಕೈಯಲ್ಲಿ ಕಸುಬಿದೆ, ದುಡಿಯಲು ಅನುಮತಿಯಿಲ್ಲ. ಈ ನೋವು ನಿಜ, ಅದನ್ನು ಚಿಕ್ಕದು ಮಾಡಿ ಹೇಳಬಾರದು.

ಎಚ್‌-4ರಲ್ಲೂ ದುಡಿಯಲು ಒಂದು ದಾರಿ ಇದೆ. 2015ರ ಮೇ 26ರಿಂದ ಜಾರಿಯಲ್ಲಿರುವ ನಿಯಮದಂತೆ, ಎಚ್‌-1ಬಿ ಮೇಲಿರುವ ಸಂಗಾತಿಯ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿಗೆ ಒಪ್ಪಿಗೆ ಸಿಕ್ಕಿದ್ದರೆ ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ, ಕೇಳಬಹುದು. ಆ ನಿಯಮ ವರ್ಷಗಟ್ಟಲೆ ಕೋರ್ಟಿನಲ್ಲಿತ್ತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ್ದರಿಂದ ಉಳಿದುಕೊಂಡಿತು. ಆದರೆ ಅದೇ ತಿಂಗಳ 30ರಿಂದ, ಇಎಡಿ ನವೀಕರಣದ ಅರ್ಜಿ ಹಾಕಿದವರಿಗೆ ತಾನಾಗಿ ಸಿಗುತ್ತಿದ್ದ ವಿಸ್ತರಣೆ ನಿಂತಿದೆ. ನಿಮ್ಮ ಗಂಡನ ಗ್ರೀನ್ ಕಾರ್ಡ್ ಕಡತ ಈಗಷ್ಟೇ ಹೊರಟಿದೆ, ಐ-140 ದೂರವಿದೆ. ಸದ್ಯಕ್ಕೆ ಆ ದಾರಿ ನಿಮಗಿಲ್ಲ.

ನಿಮಗಿರುವುದು ಇನ್ನೊಂದು. ಎಚ್‌-1ಬಿಯ ಆರು ವರ್ಷದಲ್ಲಿ ನೀವು ಬಳಸಿರುವುದು ಅರ್ಧ ಮಾತ್ರ. ಎಚ್‌-4ರಲ್ಲಿ ಕಳೆದ ದಿನ ಆ ಲೆಕ್ಕಕ್ಕೆ ಸೇರುವುದಿಲ್ಲ. ಒಮ್ಮೆ ಲಾಟರಿ ದಾಟಿದವರು ಉಳಿದ ಅವಧಿಗಾಗಿ ಮತ್ತೆ ಲಾಟರಿಗೆ ನಿಲ್ಲಬೇಕಿಲ್ಲ. ನಾಳೆ ಒಂದು ಕಂಪನಿ ಒಪ್ಪಿದರೆ ಎಚ್‌-1ಬಿಗೆ ಮರಳಬಹುದು. ದೇಶದೊಳಗೇ ಉಳಿದದ್ದಕ್ಕೆ ಇನ್ನೊಂದು ಲಾಭವೂ ಇದೆ: 2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್‌-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆ ಬಂತು. ಇಲ್ಲಿದ್ದುಕೊಂಡೇ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ತಿಳಿಸಿತು. ಹೊಸ ಕೆಲಸ ಸಿಗುವವರೆಗೆ ಎಚ್‌-4ರಲ್ಲಿ ಓದಲು ಅಡ್ಡಿಯಿಲ್ಲ. ನೀವು ಕಾಲೇಜೊಂದರ ಸಂಜೆ ತರಗತಿಗೆ ಹೆಸರು ಕೊಡುತ್ತೀರಿ.

ಈ ಮೇಜಿನ ಮುಂದೆ ಇವತ್ತು ಕೂತಿರುವ ನಮ್ಮ ಹುಡುಗಿಯರಿಗೆ, ಹುಡುಗರಿಗೆ ಒಂದು ಮಾತು. ಸಂಗಾತಿಯ ವೀಸಾಕ್ಕೆ ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಹುಡುಕುವುದನ್ನು ಬಿಟ್ಟಂತಲ್ಲ. ಆ ಅರ್ಜಿಯನ್ನು 60 ದಿನದ ಕೊನೆಯ ವಾರಕ್ಕೆ ತಳ್ಳಬೇಡಿ. ಶುಲ್ಕ, ನಿಯಮ ಬದಲಾಗುತ್ತಿರುತ್ತವೆ. ವಲಸೆ ವಕೀಲರೊಬ್ಬರಿಗೆ ಕಾಗದ ತೋರಿಸಿಯೇ ಕಳಿಸಿ. ಊರಲ್ಲಿರುವ ಅಪ್ಪ ಅಮ್ಮಂದಿರೇ, ‘ಇಷ್ಟು ಓದಿ’ ಎಂಬ ಮಾತು ಬಾಯಿಗೆ ಬಂದರೆ ಅಲ್ಲೇ ತಡೆದುಕೊಳ್ಳಿ. ನಿಮ್ಮ ಮಕ್ಕಳು ಸೋತು ಕೂತಿಲ್ಲ. ಕಾನೂನು ಬಿಟ್ಟಿರುವ ದಾರಿಯಲ್ಲಿ ಸರಿಯಾಗಿಯೇ ನಡೆಯುತ್ತಿದ್ದಾರೆ.