ಸಲುವಾಗಿ

ವಿದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕುವವರು ಒಂದು ಪ್ರಬಂಧ ಬರೆಯಬೇಕು. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂತ ಅದರ ಹೆಸರು. ಈ ಕೋರ್ಸು ಯಾಕೆ ಬೇಕು, ಓದಿ ಏನು ಮಾಡ್ತೀರಿ, ಎಲ್ಲಾ ಎರಡು ಪುಟದಲ್ಲಿ ಹೇಳಬೇಕು. ಬೆಂಗಳೂರಲ್ಲಿ ಆರು ವರ್ಷ ಕೋಡ್ ಬರೆದವನಿಗೆ ಎರಡು ಪುಟ ಯಾವ ಲೆಕ್ಕ ಅಂದುಕೊಂಡು ಒಂದು ಶನಿವಾರ ಕೂತೆ. ಮೂರನೇ ವಾಕ್ಯಕ್ಕೇ ಸಿಕ್ಕಿಬಿದ್ದೆ.

ಆ ವಾಕ್ಯ ನನ್ನದಲ್ಲ, ಅಪ್ಪನದು. "ತಮ್ಮಾ, ನಿನ್ನ ಸಲುವಾಗಿ ಎರಡ ಎಕರೆ ಮಾರೀನಿ."

ನಮ್ಮ ಹೊಲ ಇರೋದು ಶಹಾಪುರ ತಾಲ್ಲೂಕಿನಲ್ಲಿ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುತ್ತಲಿನ ಎಷ್ಟೋ ಹೊಲಗಳು ಭತ್ತದ ಗದ್ದೆಯಾದವು. ನಮ್ಮ ಹೊಲಕ್ಕೆ ಆ ನೀರು ಮುಟ್ಟಲಿಲ್ಲ. ತೊಗರಿ, ಹತ್ತಿ, ಉಳಿದದ್ದು ಮಳೆರಾಯನ ಮರ್ಜಿ. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಎರಡು ಎಕರೆ ಹೋಯಿತು. ಆಮೇಲೆ ಪ್ರತಿ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಫೋನಿನಲ್ಲಿ ಈ ಮಾತು ಬರ್ತಿತ್ತು. ಒಮ್ಮೆ ಗಣಿತದಲ್ಲಿ ಫೇಲಾಗಿ, ಆ ಮಾತಿಗೆ ಹೆದರಿಯೇ ದಸರೆಗೆ ಊರಿಗೆ ಹೋಗಲಿಲ್ಲ.

ಅದನ್ನ ಇಂಗ್ಲಿಷಿಗೆ ತಂದೆ: ಮೈ ಫಾದರ್ ಸೋಲ್ಡ್ ಟೂ ಏಕರ್ಸ್ ಬಿಕಾಸ್ ಆಫ್ ಮಿ. ತಿದ್ದಲು ಕೊಟ್ಟಿದ್ದ ಗೆಳತಿ ಮಂಗಳೂರಿನವಳು, ಕಾನ್ವೆಂಟಿನಲ್ಲಿ ಓದಿದವಳು. ಆ ಸಾಲಿಗೆ ಹಳದಿ ಬಣ್ಣ ಬಳಿದು ವಾಪಸ್ ಕಳಿಸಿದಳು. "ಇದನ್ನ ಓದಿದ್ರೆ ನೀನು ಜೂಜಾಡಿ ಹೊಲ ಕಳೆದ ಹಾಗಿದೆ. ಫಾರ್ ಮಿ ಅಂತ ಮಾಡು." ಅವಳು ತಮಾಷೆಗೇ ಅಂದದ್ದು. ನನಗೆ ಮಾತ್ರ ಕರ್ಸರ್ ಮುಂದೆ ಹೋಗಲಿಲ್ಲ. ಅಪ್ಪ ಹೇಳಿದ್ದು ಯಾವುದು? ಬಿಕಾಸ್ ಆಫಾ, ಫಾರಾ?

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಶಹಾಪುರದಲ್ಲಿ ನಮಗೊಬ್ಬ ಟ್ಯೂಷನ್ ಸರ್ ಇದ್ದರು. ಬೋರ್ಡಿನ ನಡುವೆ ಒಂದು ಗೆರೆ ಎಳೀತಿದ್ದರು. ಎಡಕ್ಕೆ ಬಿಕಾಸ್, ಬಿಕಾಸ್ ಆಫ್, ಡ್ಯೂ ಟು. ಬಲಕ್ಕೆ ಟು, ಸೋ ದಟ್, ಇನ್ ಆರ್ಡರ್ ಟು, ಫಾರ್. "ಎಡಗಡಿದು ಆಗಿ ಹೋದದ್ದು, ಬಲಗಡಿದು ಇನ್ನ ಆಗಬೇಕಾದದ್ದು." (ಫಾರ್ ಆಗಾಗ ಗೆರೆ ದಾಟಿ ಎಡಕ್ಕೂ ಬರುತ್ತೆ. ಅದನ್ನ ಹೇಳಿ ಸರ್ ನಮ್ಮ ತಲೆ ಕೆಡಿಸಲಿಲ್ಲ, ಪುಣ್ಯಾತ್ಮರು.) ಉದಾಹರಣೆಗಳೆಲ್ಲ ನಮ್ಮ ಕಡೆಯವೇ. ಸುರಪುರದಾಗ ಟೇಲರ್ ಮಂಜಿಲ್ ನೋಡಲಿಕ್ಕ ಗುಡ್ಡ ಹತ್ತಿದರು: ಟು. ಆಗ ತಾನೇ, 2009ರ ಕೊನೆಯಲ್ಲಿ, ಯಾದಗಿರಿ ಹೊಸ ಜಿಲ್ಲೆಯಾಗಿತ್ತು. ನಮ್ಮ ಮಂದಿ ಒಂದೊಂದು ಸಹಿಗೆ ಗುಲ್ಬರ್ಗಾತನಕ ಹೋಗಬಾರದು ಅಂತ ಜಿಲ್ಲಾ ಮಾಡಿದರು: ಸೋ ದಟ್. ನಾನು ಮಲಗಿದ ಬುದ್ಧನ ಗುಡ್ಡದ ಮೇಲೆ ಬರೆಯುವಾಗ ಫಾರ್ ಸೀ ದ ಹಿಲ್ ಅಂತ ಬರೆದೆ, ಸರ್ ಹೊಡೆದು ಹಾಕಿದರು. ಫಾರ್ ಸೀಯಿಂಗ್ ಪರ್ಪಸ್ ಅಂತ ತಿದ್ದಿದೆ, ಅದನ್ನೂ ಹೊಡೆದು ಹಾಕಿದರು. "ಕನ್ನಡದಾಗ ಲಿಕ್ಕ ಬಂತಂದ್ರ ಇಂಗ್ಲೀಷಿನಾಗ ಟು. ಮುಗೀತು." ಆಫೀಸಿನಲ್ಲಿ ಈಗಲೂ ಫಾರ್ ಚೆಕಿಂಗ್ ಪರ್ಪಸ್ ಅಂತ ಮೇಲ್ ಬಂದಾಗ ನನಗೆ ಆ ಸರ್ ನೆನಪಾಗ್ತಾರೆ. ಕಳಿಸಿದವರೂ ನಮ್ಮ ಕಡೆಯವರೇ ಇರಬೇಕು ಅನಿಸಿ ಖುಷಿಯೂ ಆಗ್ತದೆ.

ಸರ್ ಎಳೆದ ಗೆರೆ ನಮ್ಮ ಬಾಯಲ್ಲಿ ಅಷ್ಟು ಸ್ಪಷ್ಟ ಇಲ್ಲ. ಮಳಿಗಿ ಗ್ವಾಡಿ ಬಿತ್ತು ಅಂದರೆ ಮಳೆ ಕಾರಣ. ಕೂಲಿಗಿ ಹೋದರು ಅಂದರೆ ಕೂಲಿ ಉದ್ದೇಶ. ಎರಡಕ್ಕೂ ಒಂದೇ 'ಗೆ'. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತಿದರೆ ಬೆಂಗಳೂರಿಗೆ ಗುಳೆ ಹೊರಟ ಕುಟುಂಬಗಳು ಇದ್ದೇ ಇರ್ತವೆ. ಒಮ್ಮೆ ಗಂಡ ಹೆಂಡತಿಯನ್ನ ಕೇಳಿದ್ದೆ, ಯಾಕ ಹೊಂಟೀರಿ ಅಂತ. "ದುಡೀಲಿಕ್ಕ" ಅಂದ ಗಂಡ. "ಮಳಿ ಆಗದ್ದಕ್ಕ" ಅಂದಳು ಹೆಂಡತಿ. ಒಂದೇ ಪ್ರಶ್ನೆಗೆ ಒಂದು ಉತ್ತರ ಬೋರ್ಡಿನ ಬಲಕ್ಕೆ, ಒಂದು ಎಡಕ್ಕೆ. ಇಬ್ಬರದೂ ಖರೆ.

ಬೇಕಾದರೆ ಕನ್ನಡದಲ್ಲೂ ಬೇರೆ ಮಾಡಬಹುದು. ಓದ್ತಾನ ಅಂತ ಕಳಿಸಿದೆ ಅನ್ನೋದು ಬೇರೆ, ಓದ್ಲಿ ಅಂತ ಕಳಿಸಿದೆ ಅನ್ನೋದು ಬೇರೆ. ಆದರೆ ಸಲುವಾಗಿ ಅನ್ನೋ ಪದ ಏನನ್ನೂ ಬಿಟ್ಟುಕೊಡೋದಿಲ್ಲ. ನಿನ್ನ ಸಲುವಾಗಿ ಬೈಸಿಕೊಂಡೆ ಅಂದರೆ ತಪ್ಪು ನಿಂದು, ನಿನ್ನ ಸಲುವಾಗಿ ಹೋಳಿಗಿ ಮಾಡೀನಿ ಅಂದರೆ ಪ್ರೀತಿ. ಹತ್ತು ವರ್ಷ ನಾನು ಅಪ್ಪನ ಮಾತನ್ನ ಬೈಗುಳದ ಕಡೆಗೇ ಎಣಿಸಿದ್ದೆ.

ಫೋನ್ ಮಾಡಿದೆ.

"ಅಪ್ಪಾ, ಆ ಎರಡ ಎಕರೆ ಯಾಕ ಮಾರಿದಿ?"

"ಯಾಕ, ತಿರುಗಿ ತಗೋತೀ ಏನು?"

"ಹಂಗಲ್ಲ. ನನ್ನ ದೆಸೀಲಿಂದ ಮಾರೋ ಪ್ರಸಂಗ ಬಂತೋ, ನಾ ಓದ್ಲಿ ಅಂತ ಮಾರಿದ್ಯೋ?"

ಅತ್ತ ಕಡೆ ಟಿವಿ ಸಪ್ಪಳ ಸಣ್ಣದಾಯಿತು.

"ಬೋರಿನ ಸಾಲ ಇತ್ತು ತಮ್ಮಾ. ಎರಡು ಹೊಡಿಸಿದ್ದೆ, ಎರಡೂ ಫೇಲ್. ಬಡ್ಡಿ ಬೆಳೀಲತ್ತಿತ್ತು. ಮಾರಿ ತೀರಿಸಿದೆ. ಉಳಿದದ್ದರಾಗ ನಿನ್ನ ಮೊದಲನೇ ವರ್ಷದ ಫೀ ಕಟ್ಟಿದೆ."

"ಮತ್ತ ನನ್ನ ಸಲುವಾಗಿ ಅಂತಿದ್ದಿ?"

"ಹಂಗಂದ್ರ ನೀ ಓದ್ತಿ ಅಂತ ಅಂದೆ."

ನನಗೆ ಸಿಟ್ಟು ಬಂತು. ಆ ದಸರೆ ನೆನಪಾಯಿತು. ಹಾಸ್ಟೆಲಿನಲ್ಲಿ ನಾನು ಮತ್ತು ವಾಚ್‌ಮನ್ ಇಬ್ಬರೇ ಇದ್ದೆವು. ಅದನ್ನೇ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಮುಂದುವರಿಸಿದರು.

"ಊರಾಗ ಬೋರ್ ಫೇಲಾಗಿ ಹೊಲ ಮಾರಿದ ಅನ್ನಿಸಿಕೊಳ್ಳೂದಕ್ಕಿಂತ, ಮಗನ ಓದಿಗಿ ಮಾರಿದ ಅನ್ನಿಸಿಕೊಳ್ಳೂದು ಚೊಲೋ ಇತ್ತು. ಹೇಳಿ ಹೇಳಿ ನನಗೂ ಹಂಗೇ ಅನಿಸ್ತು."

ನಾನು ದಸರೆಯ ಮಾತು ತೆಗೆಯಲಿಲ್ಲ. ಊಟ ಆಯಿತಾ ಅಂತ ಕೇಳಿದೆ. ಆಗಿತ್ತು.

ರಾತ್ರಿ ವಾಕ್ಯ ಬದಲಿಸಿದೆ. ಬೋರ್‌ವೆಲ್ ಸಾಲ ತೀರಿಸಲಿಕ್ಕೆ, ನನ್ನ ಮೊದಲ ವರ್ಷದ ಫೀ ಕಟ್ಟಲಿಕ್ಕೆ ನಮ್ಮಪ್ಪ ಎರಡು ಎಕರೆ ಮಾರಿದರು. ಎರಡು ಲಿಕ್ಕೆ, ಎರಡು ಟು. ಬಿಕಾಸ್ ಇಲ್ಲ. ಗೆಳತಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು: "ಗ್ರಾಮರ್ ಸರಿ ಇದೆ. ಆದ್ರೆ ಬೋರ್‌ವೆಲ್ ಯಾಕೆ?"