ಸುಳ್ಳ ಜಗ್ಗಬ್ಯಾಡ್ರಿ

ರೈಲು ಬೋಗಿಯ ಕೆಂಪು ಸರಪಳಿಯ ಪಕ್ಕದ ಸೂಚನೆಯಷ್ಟು ಅಳೆದು ತೂಗಿ ಬರೆದ ವಾಕ್ಯ ನಮ್ಮ ಸರಕಾರಿ ಸಾಹಿತ್ಯದಲ್ಲಿ ಅಪರೂಪ. ಎಳೆಯಬೇಡಿ ಅನ್ನುವುದಿಲ್ಲ ಅದು. ಸಮಂಜಸವೂ ಸಾಕಷ್ಟೂ ಆದ ಕಾರಣವಿಲ್ಲದೆ ಎಳೆದರೆ ದಂಡ ಅನ್ನುತ್ತದೆ. ಬೆಳಗಾವಿಯಿಂದ ಖಾನಾಪುರಕ್ಕೆ 25 ಕಿಲೋಮೀಟರ್ ಆಚೀಚೆ, ನಡುವೆ ಸಿಗುವುದು ದೇಸೂರು, ಇದಲಹೊಂಡ. ಎರಡು ವಿಶೇಷಣಗಳನ್ನು ಮೆಲುಕು ಹಾಕಲು ಅಷ್ಟು ದಾರಿ ಧಾರಾಳ.

ಬೀಗರ ಮನೆಗೆಂದು ಕೊಂಡ ಕುಂದಾ ಡಬ್ಬಿ ಬೆಳಗಾವಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೇ ಉಳಿಯಿತು ಅನ್ನಿ. ಸರಪಳಿಗೆ ಕೈ ಹಾಕಿದ್ದು ಸಮಂಜಸವೇ. ಬೀಗರನ್ನು ಬಲ್ಲವರಾರೂ ಅಲ್ಲಗಳೆಯಲಾರರು. ಮ್ಯಾಜಿಸ್ಟ್ರೇಟರಿಗೆ ಮಾತ್ರ ಅದು ಸಾಲಲಿಕ್ಕಿಲ್ಲ. ಟಿಳಕವಾಡಿ ಗೇಟಿನ ಬಗಲಿಗೇ ಮನೆ ಇದ್ದವನ ಸಂಕಟ ಇನ್ನೊಂದು ತರಹ. ಖಾನಾಪುರದಿಂದ ಬರುವ ಗಾಡಿ ಅವನ ಅಂಗಳದೆದುರೇ ಹಾದು, ಅವನನ್ನು ಸ್ಟೇಷನ್ನಿನಲ್ಲಿ ಇಳಿಸಿ, ಆಟೋದವನ ಕೈಗೆ ಒಪ್ಪಿಸುತ್ತದೆ.

ಸರಪಳಿಯಂತೂ ಕಾರಣ ಕೇಳುವುದಿಲ್ಲ. ಜಗ್ಗಿದರೆ ಬ್ರೇಕ್ ಪೈಪಿನ ಗಾಳಿ ಬುಸ್ಸೆಂದು ಹೊರಬೀಳುತ್ತದೆ, ಒತ್ತಡ ಇಳಿದಂತೆ ಬ್ರೇಕು ಬಿಗಿಯುತ್ತದೆ. ಅಧಿಕಾರಿಗಳು ಬರುವ ಮೊದಲೇ ಬೋಗಿಯವರ ವಿಚಾರಣೆ ಶುರು: "ಸುಳ್ಳ ಯಾಕ ಜಗ್ಗಿದ್ರಿ ಕಾಕಾ?" ಎದುರು ಸೀಟಿನವರು ಮರಾಠಿಯಲ್ಲಿ "ಉಗಾಚ್" ಅಂದು ತೀರ್ಪನ್ನೂ ಕೊಟ್ಟುಬಿಡುತ್ತಾರೆ. ನಮ್ಮ ಕಡೆ ಕಾರಣವಿಲ್ಲದ್ದೆಲ್ಲ ಸುಳ್ಳ. ಸುಳ್ಳ ಬೈತಾರೆ, ಸುಳ್ಳ ತಿರುಗತಾರೆ, ಸುಳ್ಳ ನಗತಾರೆ. ಮೈಸೂರು ಕಡೆಯಿಂದ ಬಂದವರು, ತಮ್ಮನ್ನೇ ಸುಳ್ಳುಗಾರ ಅಂದರೆಂದು ಮುನಿದರೆ, ಆ ಮುನಿಸೂ ಸುಳ್ಳ.

ಕಾಯ್ದೆಗೆ ಇಷ್ಟು ಸಲಿಗೆ ಇಲ್ಲ. 1890ರ ರೈಲ್ವೆ ಕಾಯ್ದೆಯಲ್ಲಿ ಈ ತಪ್ಪಿಗೆ ದಂಡ 50 ರೂಪಾಯಿವರೆಗೆ ಇತ್ತು. ಆಗಿನ ಕೂಲಿಯವನಿಗೆ ಅದು ತಿಂಗಳುಗಟ್ಟಲೆ ದುಡಿಮೆ. 1989ರ ಕಾಯ್ದೆಯ 141ನೆಯ ಕಲಮಿನಲ್ಲಿ 1000 ರೂಪಾಯಿವರೆಗೆ ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಮೊದಲ ಸಲಕ್ಕೇ 500ಕ್ಕಿಂತ ಕಡಿಮೆ ಇಲ್ಲ. ಚಟ ಹತ್ತಿದವನಿಗೆ ಕನಿಷ್ಠ ಮೂರು ತಿಂಗಳ ಸೆರೆವಾಸ. ಇಂಗ್ಲಿಷರು ಹೋದರು, ಮೊತ್ತ ಏರಿತು, ಆ ಎರಡು ವಿಶೇಷಣ ಮಾತ್ರ ಅಲ್ಲಾಡಲಿಲ್ಲ. ಯಾವ ಕಾರಣ ಸಾಕಷ್ಟು ಅನ್ನುವುದನ್ನು ಕಲಂ ಬಿಡಿಸಿ ಹೇಳುವುದಿಲ್ಲ, ಅದು ಬರೆದವರ ಜಾಣತನವೇ ಇರಬೇಕು. ಪಟ್ಟಿಯೊಂದನ್ನು ಅಂಟಿಸಿದ್ದರೆ ನಮ್ಮವರು ಅದರಲ್ಲಿ ತಮಗೆ ಒಪ್ಪುವುದನ್ನು ಆರಿಸಿಕೊಂಡೇ ಜಗ್ಗುತ್ತಿದ್ದರು.