ಹಿಡಿಯ ಅಳತೆ

ನಾನು ಕೊಡಗಿನವಳೆಂದು ತಿಳಿದ ಕೂಡಲೇ ಕೋಪರಿಯ ಅಕ್ಕಪಕ್ಕದವರು ಮೊದಲು ಕಾಫಿಪುಡಿ ಕೇಳುತ್ತಾರೆ, ಆಮೇಲೆ ಕೋವಿಯ ವಿಷಯ ಎತ್ತುತ್ತಾರೆ. "ನಿಮ್ಮಲ್ಲಿ ಲೈಸೆನ್ಸೇ ಬೇಡವಂತೆ?" ನಿಜವೇ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಸಿಕ್ಕ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ, ತೋಕ್‌ಪೂ ಸಿಕ್ಕಿಸಿ, ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಕಾಯಿ ಒಡೆದದ್ದೂ ಉಂಟು.

ಆದರೆ ನಮ್ಮ ಕೋಪರಿಯ ಮನೆಯ ಕಪಾಟಿನ ಮೇಲೆ ಮಲಗಿರುವುದು ಅಂಥ ಕೋವಿಯಲ್ಲ, ಮಗಳ ಏರ್ ರೈಫಲ್. ಒತ್ತಿ ತುಂಬಿದ ಗಾಳಿಯಿಂದ 4.5 ಮಿ.ಮೀ. ಸೀಸದ ಗುಂಡನ್ನು ಹತ್ತು ಮೀಟರ್ ದೂರಕ್ಕೆ ಕಳಿಸುವ ಯಂತ್ರ. ಗುರಿಯ ನಡುವಿನ 'ಹತ್ತು' ಎಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ಪೆನ್ನಿನ ತುದಿ ಊರಿದಷ್ಟು. ನಟ್ಟನಡುವೆ ಬಿದ್ದರೆ 10.9. ಅರವತ್ತು ಗುಂಡಿಗೆ ಗರಿಷ್ಠ 654.

ಕೋಪರಿ ಠಾಣೆ ಸ್ಟೇಷನ್ನಿನ ಪೂರ್ವದ ಬದಿ. ನವಿ ಮುಂಬಯಿಗೆ ಹೋಗುವ ಟ್ರಾನ್ಸ್‌ಹಾರ್ಬರ್ ಗಾಡಿ ನಮ್ಮ ಬದಿಯ ಪ್ಲಾಟ್‌ಫಾರ್ಮಿನಿಂದಲೇ ಹೊರಡುವುದರಿಂದ ವಾರಕ್ಕೆ ಮೂರು ದಿನ ರೇಂಜಿಗೆ ಹೋಗಿಬರುವುದು ಕಷ್ಟವಲ್ಲ. ಉದ್ದದ ಪೆಟ್ಟಿಗೆ ಕಂಡು "ಕೀಬೋರ್ಡಾ?" ಎಂದು ಕೇಳುವ ಹೆಂಗಸರಿಗೆ ಮಗಳು ಹೂಂ ಅಂದುಬಿಡುತ್ತಾಳೆ. ಆ ಹಾದಿಯ ಕೊನೆಗೆ ಪನವೇಲ್. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿದ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು ಅಕಾಡೆಮಿ ಕಟ್ಟಿದ್ದು ಅಲ್ಲಿ. ಟೋಕಿಯೊದಲ್ಲೂ ಪ್ಯಾರಿಸ್ಸಿನಲ್ಲೂ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಅವನಿ ಲೇಖರಾಗೆ ಅವರು ಕೋಚ್. ನನ್ನ ಮಗಳು ಕಲಿಯುವುದು ಅಲ್ಲಲ್ಲ, ಆದರೂ ಗಾಡಿಯ ಮೇಲೆ 'ಪನವೇಲ್' ಎಂಬ ಬೋರ್ಡು ಕಂಡಾಗ ನನಗೇನೋ ಧೈರ್ಯ.

ಹೋದ ವರ್ಷ ಮಾರ್ಚಿನಲ್ಲಿ ತೊಂದರೆ ಶುರುವಾಯಿತು. "ಅಮ್ಮಾ, ಹೆಬ್ಬೆರಳಿನ ಬುಡ ನೋಯ್ತದೆ." ಇಪ್ಪತ್ತು ಗುಂಡು ಚೆನ್ನಾಗಿ ಹೋಗುತ್ತಿತ್ತು, ಆಮೇಲೆ ಕೈ ಬಿಗಿಯುತ್ತಿತ್ತು. ರಾಜ್ಯಮಟ್ಟದ ಸ್ಪರ್ಧೆಗೆ ನಾಲ್ಕು ತಿಂಗಳಿತ್ತು. "ಬಿಟ್ಟುಬಿಡ್ತೇನೆ" ಎಂಬ ಮಾತು ಎರಡು ಸಲ ಬಂತು. ಕೋಚ್ ಗುರಿಯ ಪ್ರಿಂಟ್‌ಔಟುಗಳನ್ನು ಸಾಲಾಗಿ ಹರಡಿ ತೋರಿಸಿದರು. ಕೆಟ್ಟ ಗುಂಡುಗಳೆಲ್ಲ ಎಡಕ್ಕೆ, ಗಡಿಯಾರದ ಒಂಬತ್ತು ಗಂಟೆಯ ಕಡೆಗೆ. ರೈಫಲ್ಲಿನ ಜೊತೆ ಬಂದ ಪಿಸ್ತೂಲ್ ಗ್ರಿಪ್ಪು, ಅಂದರೆ ಬಲಗೈ ಹಿಡಿಯುವ ಮರದ ಹಿಡಿ, ಎಮ್ ಸೈಜಿನದು. ಅವಳ ಕೈ ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ 16.4 ಸೆಂ.ಮೀ. ಹಿಡಿ ದಪ್ಪವಾದ್ದರಿಂದ ತೋರುಬೆರಳಿನ ಮೆತ್ತೆಯ ಭಾಗ ಟ್ರಿಗರಿಗೆ ಮುಟ್ಟದೆ ಬರೀ ತುದಿ ತಾಗುತ್ತದೆ, ತುದಿ ನೇರ ಹಿಂದಕ್ಕೆ ಎಳೆಯದೆ ಎಡಕ್ಕೆ ದೂಡುತ್ತದೆ. ಹಿಡಿಯನ್ನು ಮುಂದಕ್ಕೆ ಸರಿಸಿ, ಟ್ರಿಗರನ್ನು ಹಿಂದಕ್ಕೆ ತಂದಾಗಿತ್ತು. ಮರದ ದಪ್ಪ ಮಾತ್ರ ಸರಿಸಿದರೆ ಹೋಗುವಂಥದ್ದಲ್ಲ.

ಬೇರೆ ಹಿಡಿ ಪ್ರತ್ಯೇಕವಾಗಿ ಸಿಗುತ್ತದೆ. ಕೆಳಗಿನ ಒಂದು ಬೋಲ್ಟು ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ಡಿಪಾಸಿಟ್ ಇಟ್ಟು ಎರಡನ್ನು ಎರಡು ವಾರದ ಪರೀಕ್ಷೆಗೆ ತಂದೆವು. ಒಂದು ಹತ್ತೊಂಬತ್ತು ಸಾವಿರದ್ದು: ವಾಲ್‌ನಟ್ ಮರ, ಒಂದೊಂದು ಬೆರಳಿಗೂ ಒಂದೊಂದು ಹಳ್ಳ, ನೋಡಿದರೆ ಶಿಲ್ಪದ ಹಾಗೆ. ಇನ್ನೊಂದು ಹನ್ನೊಂದು ಸಾವಿರದ್ದು: ಅದೇ ಮರ, ಸಣ್ಣ ಸೈಜು, ಹಳ್ಳವಿಲ್ಲ, ಮೈಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಒರಟು.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹಿಡಿಗೆ ಹತ್ತೊಂಬತ್ತು ಸಾವಿರವಾ? ಒಂದೇ ಕೋವಿಯಲ್ಲಿ ಅಜ್ಜ, ದೊಡ್ಡಪ್ಪ, ನಾನು ಎಲ್ಲ ಹೊಡೆದಿದ್ದೇವೆ. ಕೋವಿಗೆ ಕೈ ಹೊಂದ್ಕೊಳ್ಬೇಕು ಮೋಳೆ!" ತೆಂಗಿನಕಾಯಿಗೂ ಅರ್ಧ ಮಿಲಿಮೀಟರಿಗೂ ಎಷ್ಟು ದೂರ ಅಪ್ಪಾ ಎಂದೆ. ಅವರು ಕಾಫಿ ಹೂವಿನ ಮಳೆಯ ಸುದ್ದಿಗೆ ಹೋದರು.

ಪರೀಕ್ಷೆಯ ಮೊದಲ ಭಾಗ ಮನೆಯಲ್ಲೇ, ಗುಂಡಿಲ್ಲದೆ. ಹಾಲಿನ ಗೋಡೆಗೆ ಕಪ್ಪು ಚುಕ್ಕೆ ಅಂಟಿಸಿ, ಅವಳು ಗುರಿ ಹಿಡಿದು, ಕಣ್ಣು ಮುಚ್ಚಿ, ಹತ್ತು ಎಣಿಸಿ, ಕಣ್ಣು ತೆರೆಯಬೇಕು. ಚುಕ್ಕೆ ಎಲ್ಲಿಗೆ ಜಾರಿದೆ ಎನ್ನುವುದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಹೊಡೆಯಬೇಕು. ಕೈಯಿಂದ ತಳ್ಳಿ ಸರಿಮಾಡಿದರೆ ಗುಂಡು ಹೋಗುವ ಹೊತ್ತಿಗೆ ಅದು ಮತ್ತೆ ಜಾರುತ್ತದಂತೆ. ಮಣಿಕಟ್ಟು ನೆಟ್ಟಗಿದೆಯೇ, ತೋರುಬೆರಳು ಮರಕ್ಕೆ ತಾಗದೆ ಬಿಡುವಾಗಿದೆಯೇ, ಹೆಬ್ಬೆರಳು ಸುಮ್ಮನೆ ಕೂತಿದೆಯೇ ಎಂದೂ ನೋಡುತ್ತಿದ್ದೆ. ಅಡುಗೆಗೆ ತಡವಾದ ಸಂಜೆಗಳು ಅವು.

ಎರಡನೆಯ ಭಾಗ ರೇಂಜಿನಲ್ಲಿ. ಮೂರೂ ಹಿಡಿಗಳಲ್ಲಿ ಹತ್ತು ಹತ್ತು ಗುಂಡು, ದಿನವೂ ಕ್ರಮ ಬದಲಿಸಿ. ಇಲ್ಲವಾದರೆ ಕೊನೆಯ ಹಿಡಿಗೆ ಯಾವಾಗಲೂ ದಣಿದ ಕೈಯೇ ಸಿಗುತ್ತದೆ. ಮೊದಲ ದಿನ ಹಳೆಯದಕ್ಕೆ 100.4, ಹಳ್ಳದ ಹಿಡಿಗೆ 102.1, ಸಾದಾ ಹಿಡಿಗೆ 99.6. ಮಗಳ ಮುಖ ಅರಳಿತು, ನನ್ನ ಪರ್ಸು ಮುದುಡಿತು. ಕೋಚ್ ಮಾತ್ರ "ಇನ್ನೂ ಹೊಡೀಲಿ" ಎಂದರು.

ಹಳ್ಳದ ಹಿಡಿಯ ಗುಣ ಅರ್ಥವಾದದ್ದು ನಾಲ್ಕನೆಯ ದಿನ, ಅದೊಂದರಲ್ಲೇ ನಲವತ್ತು ಗುಂಡು ಹೊಡೆಸಿದಾಗ. ಈ ರೈಫಲ್ಲಿಗೆ ಪ್ರತಿ ಸಲವೂ ಒಂದೇ ಗುಂಡು ತುಂಬಬೇಕು, ಅಂದರೆ ಕೈ ಬಿಡಬೇಕು, ಮತ್ತೆ ಹಿಡಿಯಬೇಕು. ಬೆರಳು ಕೂದಲೆಳೆ ಆಚೆ ಕೂತರೂ ಹಳ್ಳದ ಅಂಚು ಅದನ್ನು ತಳ್ಳುತ್ತದೆ, ಅವಳು ಗೊತ್ತಿಲ್ಲದೆ ಅದಕ್ಕೆ ಪ್ರತಿಯಾಗಿ ಒತ್ತುತ್ತಾಳೆ. ಅಂಗಡಿಯಲ್ಲಿ ಐದು ನಿಮಿಷ ಹಿಡಿದಾಗ ಹಿತವಾದದ್ದು ನಲವತ್ತನೆಯ ಗುಂಡಿಗೆ ಹಿತವಾಗಿರಲಿಲ್ಲ. ಆ ಹಳ್ಳಗಳು ಇನ್ನಾರದೋ ಬೆರಳಿನ ಅಳತೆಯವು. ಸಾದಾ ಹಿಡಿ ಏನೂ ಹೇಳಿಕೊಡುವುದಿಲ್ಲ, ಕೈಯೇ ಜಾಗ ಹುಡುಕಿಕೊಳ್ಳಬೇಕು. ಅಪ್ಪನ ಮಾತು ಅಷ್ಟರಮಟ್ಟಿಗೆ ನಿಜವೆನ್ನಿ. ಎರಡನೆಯ ವಾರ ಹಳ್ಳದ್ದು 101ರ ಆಸುಪಾಸಿನಲ್ಲಿ ನಿಂತಿತು, ಸಾದಾ ಹಿಡಿ 102.8ಕ್ಕೆ ಏರಿತು. ಸ್ಕೋರಿಗಿಂತ ನಾನು ನಂಬಿದ್ದು ಸ್ಕೇಲಿನ ಅಳತೆಯನ್ನು: ಗುಂಡುಗಳು ಎಡಬಲಕ್ಕೆ ಹರಡುವ ಅಗಲ ಹಳೆಯ ಹಿಡಿಯಲ್ಲಿ 8 ಮಿ.ಮೀ., ಇದರಲ್ಲಿ 5.

ಅಂಗೈಯ ನಡುವೆ ಸ್ವಲ್ಪ ಟೊಳ್ಳು ಉಳಿದಿತ್ತು. ಎಮ್‌ಸೀಲ್ ಕಲಸಿ ತೆಳ್ಳಗೆ ಹಚ್ಚಿ, ಕೆಳಗಿನ ಬೀದಿಯ ಬಡಗಿಯಿಂದ ಅರ್ಧಗೋಳದ ಅರ ತಂದು ಉಜ್ಜಿ, ಉಪ್ಪುಕಾಗದ ಹಾಕಿದೆವು. ಇಲ್ಲಿ ಹುಷಾರಾಗಿರಬೇಕು: ಜಾರದಿರಲಿ ಎಂದು ಹಿಡಿಯ ಮೇಲೆ ರಬ್ಬರು, ಮರಳುಕಾಗದ ಅಂಟಿಸುವಂತಿಲ್ಲ, ಕೈ ಊರಲು ಹೊರಚಾಚು ಮಾಡುವಂತಿಲ್ಲ. ಸ್ಪರ್ಧೆಯಲ್ಲಿ ಇಕ್ವಿಪ್‌ಮೆಂಟ್ ಕಂಟ್ರೋಲ್‌ನವರು ಬೆರಳಾಡಿಸಿ ನೋಡುತ್ತಾರೆ, ಇಡೀ ರೈಫಲ್ 5.5 ಕಿಲೋ ಮೀರದಂತೆ ತೂಗುತ್ತಾರೆ. ಠಾಣೆಯ ಜೂನ್ ತಿಂಗಳ ಬೆವರಿಗೆ ಕರ್ಚೀಫೇ ಗತಿ.

ಜುಲೈಯಲ್ಲಿ ಹಿಡಿ ಪಾಸಾಯಿತು. ಅವಳು 611.3 ಹೊಡೆದಳು, ಅವಳ ಪಾಲಿಗೆ ಅದುವರೆಗಿನ ಅತಿ ಹೆಚ್ಚು. ಪದಕ ಇನ್ನೂ ದೂರ. ಅರವತ್ತನೆಯ ಗುಂಡಿನ ನಂತರ ಹೆಬ್ಬೆರಳು ನೀವಿಕೊಳ್ಳಲಿಲ್ಲ, ನಾನು ಗಮನಿಸುತ್ತಿದ್ದೆ. ಹಳೆಯ ಎಮ್ ಹಿಡಿಯನ್ನು ಕೊಳ್ಳಲು ಕ್ಲಬ್ಬಿನ ಹುಡುಗನೊಬ್ಬ ಬಂದಿದ್ದ, ಕೊಡಲಿಲ್ಲ. ಮೊನ್ನೆ ಅಳೆದಾಗ ಕೈ 16.9 ಆಗಿತ್ತು. ಎಮ್‌ಸೀಲನ್ನು ಈಗಾಗಲೇ ಒಂದು ಪದರ ಕೆರೆದಿದ್ದೇವೆ.